ಹನ್ನೊಂದು ಹೂವಿನ ನೀರಾಲ

ಅಂಟು ಹದವಾಗುವ ಮೊದಲೇ ಜಿನ್‌ತು ನೀಲಿ ಜಿಲೇಟಿನ್ ಹಾಳೆಯನ್ನು ಬಿದಿರಿನ ಚೌಕಟ್ಟಿನ ಮೇಲೆ ಎಳೆದು ಒತ್ತಿದ. ಒಂದು ಮೂಲೆಯಲ್ಲಿ ಸುಕ್ಕು ಬಿತ್ತು. ಬೇರೆ ದಿನವಾಗಿದ್ದರೆ ಕಿತ್ತೆಸೆದು ಹೊಸ ಹಾಳೆ ಕತ್ತರಿಸುತ್ತಿದ್ದ. ಇವತ್ತು ಹೆಬ್ಬೆರಳಿನಿಂದ ಎರಡು ಸಲ ಉಜ್ಜಿ ಸುಮ್ಮನಾದ.

“ಇನ್ನೂ ಆಗ್ಲಿಲ್ವೇನ್ರಿ?” ಹೆಂಡತಿ ಬಾವ್‌ಜು ಬಾಗಿಲಲ್ಲಿ ನಿಂತು ಕೇಳಿದಳು. “ಎದುರುಮನೆ ಚಪ್ಪರದಲ್ಲಿ ಪುರೋಹಿತರು ಬಂದು ಕೂತಾಯ್ತು. ಮೂರಂತಸ್ತಿನ ಮನೆ ಕಟ್ಟೋಕೆ ನಾಲ್ಕು ದಿನ, ಮೊಳದುದ್ದದ ಮೀನಿನ ತೊಟ್ಟಿಗೆ ಎಂಟು ದಿನ!”

“ಮೀನಿನ ತೊಟ್ಟಿ ಅಲ್ಲ ಕಣೇ. ಗಿಡದ ತೊಟ್ಟಿ.”

“ಹೌದು ಹೌದು, ಅದನ್ನ ನಿಮಗಿಂತ ಚೆನ್ನಾಗಿ ಬಲ್ಲೋರು ಯಾರಿದಾರೆ ಬಿಡಿ,” ಎಂದು ಆಕೆ ಒಂದು ಥರ ನಕ್ಕು ಹೋದಳು. ಆ ನಗು ಜಿನ್‌ತುವಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದಿಂದ ಅದನ್ನು ನುಂಗಿಕೊಂಡೇ ಬಂದಿದ್ದ.

ಸತ್ತವನು ಎದುರುಮನೆಯ ಹೈಶಾನ್. ಲುಗಾಂಗ್ ಎಂಬ ಹಳೆಯ ಊರಿನ ಇಕ್ಕಟ್ಟು ಓಣಿಗಳಲ್ಲಿ ಮೂವತ್ತೆಂಟು ವರ್ಷ ಅಂಚೆ ಹಂಚಿದವನು, ಜಿನ್‌ತುವಿನ ಜೊತೆಯಲ್ಲಿ ಗೋಲಿ ಆಡಿ ಬೆಳೆದವನು. ಜಿನ್‌ತುವಿನದು ಸತ್ತವರಿಗೆ ಕಾಗದದ ಮನೆ ಕಟ್ಟುವ ಕಸುಬು. ಬಿದಿರಿನ ಸೀಳು, ಬಣ್ಣದ ಕಾಗದ, ಹಿಟ್ಟಿನ ಅಂಟು, ಹತ್ತಿಯ ದಾರ, ಇಷ್ಟರಲ್ಲಿ ಅವನು ಮನೆ, ಕಾರು, ಆಳುಕಾಳು ಎಲ್ಲವನ್ನೂ ಎಬ್ಬಿಸಿ ನಿಲ್ಲಿಸುತ್ತಿದ್ದ. ಈಚೆಗೆ ಮೊಬೈಲು, ಮೈ ಒತ್ತುವ ಕುರ್ಚಿ ಕೂಡ ಕೇಳುತ್ತಿದ್ದರು. ಇಲ್ಲಿ ಸುಟ್ಟ ಕಾಗದ ಅಲ್ಲಿ ಸತ್ತವನ ಕೈಯಲ್ಲಿ ನಿಜವಾದ ವಸ್ತುವಾಗುತ್ತದೆ. ಅದನ್ನು ಜಿನ್‌ತು ಎಂದೂ ಅನುಮಾನಿಸಿರಲಿಲ್ಲ. ಅನುಮಾನಿಸಿದರೆ ಅನ್ನ ಎಲ್ಲಿಂದ ಬರಬೇಕು?

ಹೈಶಾನನ ಮಗಳು ಪೇಲಿಂಗ್ ಹೇಳಿದ್ದು ಒಂದೇ ಅಂತಸ್ತಿನ ಚಿಕ್ಕ ಮನೆ. ಜಿನ್‌ತು ಕಟ್ಟಿದ್ದು ಮೂರಂತಸ್ತು, ಮುಂದೆ ತೋಟ, ತೋಟಕ್ಕೊಂದು ಗೇಟು. ಬಂದವರೆಲ್ಲ ಅದನ್ನು ನೋಡಿ ಬಾಯಿ ಬಿಡಬೇಕು, ಹೈಶಾನನ ಗಿಡದ ತೊಟ್ಟಿಯಿರುವ ಕಿಟಕಿಯ ಕಡೆ ಒಬ್ಬರೂ ತಿರುಗಬಾರದು ಎಂಬುದು ಅವನ ಹಟ. ಸತ್ತ ಗೆಳೆಯನ ಮೇಲೂ ಹೊಟ್ಟೆಕಿಚ್ಚು ಪಡುವವನು ಎಂಥ ಮನುಷ್ಯ ಎಂದು ಜಿನ್‌ತುವಿಗೂ ಅನ್ನಿಸುತ್ತಿತ್ತು. ಆದರೆ ಕಿಚ್ಚು ಮಾತ್ರ ಇತ್ತು, ಊರಿನ ಪದ್ಧತಿಯಂತೆ ಒಳ್ಳೆಯ ದಿನ ನೋಡಿ ಎತ್ತಲೆಂದು ಹೆಣವನ್ನು ಪೆಟ್ಟಿಗೆಯಲ್ಲಿ ಮನೆಯಲ್ಲೇ ಇಟ್ಟುಕೊಂಡಿದ್ದ ಈ ದಿನಗಳಲ್ಲೂ ಆರಿರಲಿಲ್ಲ. “ಚಿಕ್ಕಪ್ಪ, ಅಪ್ಪನ ತೊಟ್ಟೀನೂ ಒಂದು ಮಾಡಿಕೊಡಿ, ಅದಿಲ್ದೆ ಅಪ್ಪ ಇರಲ್ಲ” ಎಂದು ಪೇಲಿಂಗ್ ಕಣ್ಣೊರೆಸಿಕೊಂಡಾಗ ಅವನು ಹೂಂ ಎಂದಿದ್ದ. ಮನಸ್ಸಿನಲ್ಲಿ ಮಾತ್ರ, ಅಲ್ಲಿಗೂ ಬೇಕಾಯ್ತೇನೋ ನಿನಗೆ ಅದು, ಎಂದುಕೊಂಡಿದ್ದ.

ಅದಕ್ಕೇ ಎಂಟು ದಿನ ಮುಂದೂಡಿದ. ಓಣಿ ದಾಟಿ ಹೋಗಿ ಅಸಲು ತೊಟ್ಟಿಯನ್ನು ಒಮ್ಮೆ ನೋಡಿಬರಲೂ ಇಲ್ಲ. ತನ್ನ ಜಗುಲಿಯಿಂದ ಕಂಡಷ್ಟು ಹಸಿರನ್ನು ನೆನೆದುಕೊಂಡು, ಕಂದು ಕಾಗದದ ಮರಳಿನ ಮೇಲೆ ಹಸಿರು ಕಾಗದದ ಎಲೆಗಳನ್ನು ಸಾಲಾಗಿ ಚುಚ್ಚಿ, ತೊಟ್ಟಿಯನ್ನು ಎತ್ತಿಕೊಂಡು ಹೊರಟ.

*

ಹೈಶಾನ್ ತೊಟ್ಟಿ ಇಟ್ಟದ್ದು ನಿವೃತ್ತನಾದ ವರ್ಷ. ಅವನ ಎರಡು ಮಂಡಿಯೂ ಸವೆದು ಹೋಗಿದ್ದವು. “ಜೀವಮಾನ ಎಲ್ಲಾ ಓಡಿದೀನಿ ಕಣೋ. ಇನ್ನು ಓಡದೇ ಇರೋದನ್ನ ಏನಾದ್ರೂ ಬೆಳೀತೀನಿ” ಎಂದು ಭಾನುವಾರದ ಸಂತೆಯಿಂದ ಒಂದೂವರೆ ಅಡಿಯ ಗಾಜಿನ ಪೆಟ್ಟಿಗೆ ತಂದು ಓಣಿ ಬದಿಯ ಕಿಟಕಿಯಲ್ಲಿಟ್ಟ. ಮರಳನ್ನು ಏಳು ನೀರಿನಲ್ಲಿ ತೊಳೆದ. ಹೆಂಡತಿ ಸುಲಾನಳ ದೊಡ್ಡ ಪಾತ್ರೆಯಲ್ಲಿ ಗಿಡ ಕೂರಿಸಲೆಂದು ಒಂದು ಸೊಟ್ಟ ಮರದ ಬೇರನ್ನು ಎರಡು ದಿನ ಕುದಿಸಿ ಬೈಸಿಕೊಂಡ. ನೀರು ತುಂಬುವಾಗ ಮರಳು ಏಳಬಾರದೆಂದು ತಟ್ಟೆಯೊಂದನ್ನು ತಳದಲ್ಲಿಟ್ಟು ಲೋಟ ಲೋಟವಾಗಿ ಸುರಿದ. ತಿಂಗಳ ಕಾಲ ಮೀನು ಬಿಡಲಿಲ್ಲ. ಓಣಿಯವರು ಹಾದುಹೋಗುವಾಗ, “ಏನಯ್ಯಾ ಹೈಶಾನ್, ನೀರು ಸಾಕಿದೀಯಾ?” ಎಂದು ಗೇಲಿ ಮಾಡುತ್ತಿದ್ದರು. ಎಲ್ಲರಿಗಿಂತ ದೊಡ್ಡದಾಗಿ ನಗುತ್ತಿದ್ದವನು ಜಿನ್‌ತು.

ಹೈಶಾನ್ ತಂದ ಗಿಡವೂ ಅವನಂಥದ್ದೇ. ಸಂತೆಯವರು ಅದನ್ನು ನೀರಾಲ ಎನ್ನುತ್ತಾರೆ. ಕೆಸುವಿನ ದೂರದ ನೆಂಟ, ದಪ್ಪ ಕಡುಹಸಿರು ಎಲೆ, ತಿಂಗಳಿಗೆ ಒಂದು ಎಲೆ ಬಿಟ್ಟರೆ ಹೆಚ್ಚು. ಗೊಬ್ಬರ ಬೇಡ, ಬಿರುಸು ಬೆಳಕು ಬೇಡ, ಕತ್ತರಿಸುವ ಕೆಲಸವಿಲ್ಲ. ಕಲ್ಲಿನ ಮೇಲೊಂದು, ಬೇರಿನ ಮೇಲೊಂದು, ಜೊತೆಗೆ ಒಂದಿಷ್ಟು ಹಾವಸೆ. ಅಷ್ಟೇ. ಹೈಶಾನ್ ದಿನಕ್ಕೆ ಆರು ತಾಸು ದೀಪ ಹಾಕಿ ಕುರ್ಚಿ ಎಳೆದು ಎದುರಿಗೆ ಕೂರುತ್ತಿದ್ದ.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ಕಿಟಕಿ ಓಣಿಗೇ ಕಣ್ಣಾಯಿತು. ಶಾಲೆಯ ಮಕ್ಕಳು, ಗುಡಿಗೆ ಹೋಗುವ ಮುದುಕಿಯರು, ದಾರಿ ತಪ್ಪಿದ ಪ್ರವಾಸಿಗಳು, ಎಲ್ಲರೂ ಅಲ್ಲಿ ನಿಲ್ಲುತ್ತಿದ್ದರು. ಮೊದಲು ಇವರೆಲ್ಲ ನಿಲ್ಲುತ್ತಿದ್ದುದು ಜಿನ್‌ತುವಿನ ಬಾಗಿಲಲ್ಲಿ. ಅವನು ಕಟ್ಟಿದ ಯಾವುದೂ ಹತ್ತು ದಿನಕ್ಕಿಂತ ಹೆಚ್ಚು ಉಳಿದದ್ದಿಲ್ಲ. ತಿಂಗಳಿಗೆ ನಾಲ್ಕು ಅರಮನೆ ಕಟ್ಟಿ ನಾಲ್ಕನ್ನೂ ಬೂದಿಗೆ ಕಳಿಸುವವನಿಗೆ, ನಡುವೆ ಜನ ನಿಂತು ನೋಡುವುದೊಂದೇ ಸುಖ. ಅದನ್ನೂ ಈ ಕುಂಟ ಅಂಚೆಯವನು ನೀರಿನಲ್ಲಿ ಕಲ್ಲು ಇಟ್ಟು ಕಸಿದುಕೊಂಡನಲ್ಲ ಎಂದು ಅವನ ಹೊಟ್ಟೆ ಉರಿಯಿತು. ಬಾವ್‌ಜು ಕೂಡ ಸಂಜೆ ಸೊಪ್ಪು ಸೋಸುವ ನೆವದಲ್ಲಿ ಅಲ್ಲೇ ಹೋಗಿ ಕೂರುತ್ತಿದ್ದಳು.

ಒಂದು ದಿನ ಹೈಶಾನ್ ಒದ್ದೆ ಪತ್ರಿಕೆಯಲ್ಲಿ ಸುತ್ತಿದ ತುಂಡೊಂದನ್ನು ತಂದ. ಬೆರಳುದ್ದದ ಕಾಂಡ, ಮೂರು ಎಲೆ.

“ತಾಯಿಗಿಡದಿಂದ ಮುರಿದೆ. ನೀನೂ ಒಂದು ತೊಟ್ಟಿ ಇಡು, ಕಣ್ಣಿಗೆ ತಂಪು. ಇದನ್ನ ಹೇಗೆ ಇಡಬೇಕು ಅಂದ್ರೆ...”

“ಗಿಡ ನೆಡೋಕೆ ನಿನ್ನ ಹತ್ರ ಪಾಠ ಬೇಕೇನೋ? ನಮ್ಮಮ್ಮ ಹಿತ್ತಿಲ ತುಂಬ ಕೆಸು ಬೆಳೆದೋಳು.”

ಹೈಶಾನ್ ನಕ್ಕು, ಹಾಗಾದ್ರೆ ಸರಿ ಮಾರಾಯ, ಎಂದು ಹೊರಟುಹೋದ. ಜಿನ್‌ತು ಹಿಂದಿನ ಕೋಣೆಯಲ್ಲಿ ಗುಟ್ಟಾಗಿ ತೊಟ್ಟಿ ಇಟ್ಟ. ತಾಯಿ ಕೆಸು ನೆಟ್ಟ ಹಾಗೆಯೇ ಕಾಂಡವನ್ನು ಕುತ್ತಿಗೆಯವರೆಗೆ ಮರಳಿನಲ್ಲಿ ಒತ್ತಿ ಹೂತ. ಇಪ್ಪತ್ತು ದಿನಕ್ಕೆ ಎಲೆಗಳು ಬುಡ ಬಿಟ್ಟು ತೇಲಿದವು. ಕಾಂಡ ಕೈಗೆ ಬಂದಾಗ ಲೋಳೆ ಲೋಳೆ, ಕೊಳೆತ ಮೊಟ್ಟೆಯ ವಾಸನೆ. ಬಾವ್‌ಜು ಮೂಗು ಮುಚ್ಚಿಕೊಂಡು ಚರಂಡಿಗೆ ಸುರಿದಳು. ಬೇಕೆಂದೇ ಸತ್ತ ಗಿಡ ಕೊಟ್ಟಿದ್ದಾನೆ ಎಂದು ಜಿನ್‌ತುವಿಗೆ ಅವತ್ತೇ ಖಾತ್ರಿಯಾಯಿತು.

ಮರುದಿನ ಸಂಜೆ ಹೈಶಾನ್ ಜಗುಲಿಯಿಂದಲೇ ಕೂಗಿದ. “ಹೇಗಿದೆಯೋ ನನ್ನ ಕೂಸು?”

“ಭರ್ಜರಿಯಾಗಿದೆ,” ಎಂದ ಜಿನ್‌ತು. “ಹೊಸ ಎಲೆ ಬಿಟ್ಟಿದೆ. ಒಂದಲ್ಲ, ಎರಡು.”

*

ಚಪ್ಪರವನ್ನು ಓಣಿಯ ಅಗಲಕ್ಕೂ ಹಾಕಿದ್ದರು. ನಡುವೆ ಹೈಶಾನನ ಫೋಟೋ, ಅಂಚೆಯ ಹಸಿರು ಅಂಗಿಯಲ್ಲಿ ತೆಗೆಸಿದ್ದು. ಹೆಂಗಸರು ಉದ್ದ ಮೇಜಿನ ಸುತ್ತ ಕೂತು ಮನೆಯ ಜೊತೆ ಸುಡಲು ಹಳದಿ ಕಾಗದದ ತಾವರೆ ಮಡಚುತ್ತಿದ್ದರು. ಮೂರಂತಸ್ತಿನ ಮನೆ ಪಕ್ಕದಲ್ಲಿ ನಿಂತಿತ್ತು. ಜಿನ್‌ತು ಬಯಸಿದ ಹಾಗೆ ಜನ ಅದನ್ನು ನೋಡಿ ಬಾಯಿ ಬಿಟ್ಟರು ನಿಜ. ಆದರೆ ಮೀನುಂಡೆ ಅಂಗಡಿಯ ಮುದುಕಿ ಒಂದು ಸುತ್ತು ಬಂದು, “ಎಲ್ಲಾ ಸರಿ ಜಿನ್‌ತು, ಲಿಫ್ಟ್ ಎಲ್ಲಿ? ಆ ಮಂಡಿ ಇಟ್ಕೊಂಡು ಹೈಶಾನ್ ಮೂರನೇ ಮಹಡಿ ಹೆಂಗೆ ಹತ್ತಬೇಕು?” ಎಂದಳು. ಚಪ್ಪರ ಎಲ್ಲಾ ಗೊಳ್ಳೆಂದಿತು. ಸೂತಕದ ಸೆಣಬಿನ ಮುಸುಕು ಹಾಕಿಕೊಂಡಿದ್ದ ಪೇಲಿಂಗ್ ಕೂಡ ನಕ್ಕುಬಿಟ್ಟಳು.

ಜಿನ್‌ತು ಮುಖ ಗಂಟಿಕ್ಕಿಕೊಂಡು ಕಾಗದದ ತೊಟ್ಟಿಯನ್ನು ಮನೆಯ ಮುಂದಿನ ತೋಟದಲ್ಲಿ ಇಟ್ಟ. ಇಟ್ಟು ಬೆನ್ನು ತಿರುಗಿಸುವುದರೊಳಗೆ ಒಬ್ಬರು ತೆಳ್ಳನೆಯ ಮುದುಕರು ಬಗ್ಗಿ, ಕನ್ನಡಕ ಹಣೆಗೇರಿಸಿ ಅದರೊಳಗೆ ಇಣುಕಿದರು. ಭಾನುವಾರದ ಸಂತೆಯ ಗಿಡದ ಗುಂಪಿನವರು, ಓಯಾಂಗ್ ಮೇಷ್ಟ್ರು. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ರಿಟೈರಾದವರು.

“ಅಯ್ಯಯ್ಯೋ, ಇದನ್ನ ಯಾರು ನೆಟ್ಟೋರು?” ಎಂದರು ಮೇಷ್ಟ್ರು. “ನೀರಾಲದ ಅಡ್ಡಕಾಂಡಾನ ಮರಳಲ್ಲಿ ಹೂತುಬಿಟ್ಟಿದಾರೆ! ಇಪ್ಪತ್ತೇ ದಿನ, ಎಲ್ಲಾ ಕೊಳೆತು ನಾರುತ್ತೆ. ಅದು ಹೊರಗೇ ಇರಬೇಕು. ಕಲ್ಲಿಗೆ ದಾರದಲ್ಲಿ ಕಟ್ಟಬೇಕು, ಬೇರು ತಾನೇ ಕಚ್ಕೊಳ್ಳುತ್ತೆ. ಸಂತೆಗೆ ಬರೋ ಹೊಸಬರೆಲ್ಲ ಮಾಡೋ ತಪ್ಪೇ ಇದು.”

ಜಿನ್‌ತು ತಾನೇ ಚುಚ್ಚಿದ್ದ ಎಲೆಗಳ ಸಾಲನ್ನು ಮತ್ತೊಮ್ಮೆ ಬಗ್ಗಿ ನೋಡಿದ. ಒಂಬತ್ತು ವರ್ಷ. ಅಷ್ಟು ವರ್ಷ ಹೈಶಾನನನ್ನು ಮನಸ್ಸಿನಲ್ಲೇ ವಂಚಕ ಎಂದು ಬೈದುಕೊಂಡೇ ಅವನ ಜೊತೆ ಚಹಾ ಕುಡಿದಿದ್ದ. ಅವನು ಏನೋ ಹೇಳಹೊರಟಿದ್ದು, ತಾನು ಬಾಯಿ ಮುಚ್ಚಿಸಿದ್ದು, ಈಗ ಒಂದೊಂದೂ ಎದ್ದು ಬಂತು.

“ಮೇಷ್ಟ್ರೇ, ಇವರೇ ಜಿನ್‌ತು,” ಎಂದಳು ಸುಲಾನ್, ಒಳಗಿನಿಂದ ಬಂದವಳು. ಅಳು ಬತ್ತಿ ಮುಖ ಸಣ್ಣದಾಗಿತ್ತು. “ಅವರು ಹೇಳ್ತಿದ್ರಲ್ಲ, ಹನ್ನೊಂದು ಹೂವಿನ ಗಿಡದ ಜಿನ್‌ತು.”

ಮೇಷ್ಟ್ರು ಕನ್ನಡಕ ಕೆಳಗಿಳಿಸಿ ಜಿನ್‌ತುವನ್ನು ಮೇಲಿಂದ ಕೆಳಗೆ ನೋಡಿದರು. “ನೀವಾ! ನಮ್ಮ ಗುಂಪಿನಲ್ಲಿ ನಿಮ್ಮ ಹೆಸರು ಕೇಳದ ಭಾನುವಾರ ಇಲ್ಲ. ನೀರೊಳಗೆ ಒಂದು ಹೂ ಬಿಡಿಸೋಕೆ ನಾನು ನಾಲ್ಕು ವರ್ಷ ಒದ್ದಾಡಿದೀನಿ. ಒಂದೇ ಗಿಡದಲ್ಲಿ ಹನ್ನೊಂದು! ಅಲ್ಲ, ಅಷ್ಟು ಬೆಳೆಸಿದೋರು ಇದನ್ನ ಮರಳಲ್ಲಿ ಹೂತಿದೀರಲ್ಲ?”

“ಕಾಗದಕ್ಕೆ ಕೊಳೆಯೋ ಭಯ ಎಲ್ಲಿದೆ ಮೇಷ್ಟ್ರೇ,” ಎಂದ ಜಿನ್‌ತು. “ಬೇಗ ಆಗ್ಲಿ ಅಂತ ಚುಚ್ಚಿದೆ.”

ಸುಲಾನ್ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದಳು. “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮದುವೆಯಾಗಿ ನಲವತ್ತು ವರ್ಷ ಆ ಮನುಷ್ಯನಿಗೆ ಹೊಟ್ಟೆಕಿಚ್ಚು ಅಂದ್ರೇನು ಅಂತ್ಲೇ ಗೊತ್ತಿರಲಿಲ್ಲ. ಪಕ್ಕದೋರು ಕಾರು ತಗೊಂಡ್ರೆ ತಾನೇ ಹೋಗಿ ಒರೆಸಿ ಬರೋರು. ನಿಮ್ಮ ಗಿಡ ಹೂ ಬಿಟ್ಟಿತು ನೋಡಿ, ಆವಾಗಿನಿಂದ ಶುರುವಾಯ್ತು. ಉಣ್ಣೋಕೆ ಕೂತ್ರೂ ಅದೇ. ‘ಜಿನ್‌ತುದು ಐದಾಯ್ತಂತೆ ಕಣೇ, ಏಳಾಯ್ತಂತೆ ಕಣೇ. ನನ್ನ ಗಿಡದ್ದೇ ತುಂಡು ಅದು, ನನಗ್ಯಾಕೆ ಒಂದೂ ಬಿಡಲ್ಲ?’ ಆಸ್ಪತ್ರೆಯಲ್ಲೂ ಕೇಳಿದ್ರು, ಜಿನ್‌ತು ಒಂದು ಸಲ ತೋರಿಸ್ತಾನಾ ಅಂತ.”

ಕೇಳಿದ ಕೂಡಲೆ ಜಿನ್‌ತುವಿಗೆ ಆದದ್ದು ಸಂತೋಷ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹೈಶಾನ್ ತನ್ನನ್ನು ಕಂಡು ಕರುಬಿದ್ದ! ಇಡೀ ಓಣಿ ಕೊಂಡಾಡಿದ ಹೈಶಾನ್! ಶುಂಠಿ ಚಹಾ ಇಳಿದ ಹಾಗೆ ಆ ಮಾತು ಹೊಟ್ಟೆಯೊಳಗೆ ಬೆಚ್ಚಗೆ ಇಳಿಯಿತು. ಸುಲಾನಳ ಮುಂದಿನ ಮಾತು ಅದನ್ನು ಆರಿಸಿತು.

“ಇವತ್ತಾದ್ರೂ ಆ ಗಿಡ ತಂದು ಅವರ ಫೋಟೋ ಮುಂದೆ ಇಡ್ತೀರಾ?”

“ಅತ್ತಿಗೆ, ಅದು... ಅಲುಗಿಸಿದ್ರೆ ಹೂವೆಲ್ಲ ಉದುರುತ್ತೆ.”

ಆಕೆ ಅವನ ತೋಳು ಬಿಟ್ಟಳು. “ಸರಿ. ಹಾಗಿದ್ರೆ ಈ ಕಾಗದದ ತೊಟ್ಟಿಯಲ್ಲಿ ನಿಮ್ಮ ಗಿಡಾನೇ ಮಾಡಿ. ದಿನಾ ನೋಡಿದೀರಲ್ಲ, ಹೇಗಿದೆಯೋ ಹಾಗೇ ಮಾಡಿ. ಹನ್ನೊಂದು ಹೂ. ಒಂದೂ ಕಮ್ಮಿ ಬೇಡ. ನಾವು ಸ್ಮಶಾನದಿಂದ ಬರೋದ್ರೊಳಗೆ ಆಗುತ್ತಲ್ಲ?”

*

ಒಂದು ಸುಳ್ಳಿಗೆ ನೀರು ಹಾಕುವುದು ಎಷ್ಟು ಸುಲಭ ಎಂದು ಜಿನ್‌ತು ಆ ವರ್ಷಗಳಲ್ಲಿ ಕಲಿತಿದ್ದ. ಮೊದಲು ಎಲೆ ಬಿಟ್ಟಿತು. ಆಮೇಲೆ ತೊಟ್ಟಿಯ ಅರ್ಧ ತುಂಬಿತು. ಹೈಶಾನನ ಕಿಟಕಿಯ ಮುಂದೆ ಜನ ಹೆಚ್ಚಾದ ಹಬ್ಬದ ದಿನವೊಂದು, ತಡೆಯಲಾರದೆ, ಹೂವೂ ಬಿಟ್ಟಿತು.

“ಹೂವಾ?” ಹೈಶಾನ್ ಚಹಾದ ಬಟ್ಟಲು ಕೆಳಗಿಟ್ಟಿದ್ದ. “ನೀರೊಳಗೇನಾ? ತೋರಿಸೋ, ಬರ್ತೀನಿ.”

“ಹಿಂದಿನ ಕೋಣೆಗೆ ಬರೋ ಹಾಗಿಲ್ಲ ಕಣೋ. ಕಣ್ಣು ಬರೆಯದ ಗೊಂಬೆಗಳಿದಾವೆ.”

ಅದು ಕಸುಬಿನ ಕಟ್ಟಳೆ. ಕಾಗದದ ಆಳುಕಾಳುಗಳಿಗೆ ಕಣ್ಣು ಬರೆಯುವ ಮೊದಲು ಹೊರಗಿನವರು ನೋಡಿದರೆ ನೋಡಿದವರಿಗೆ ಒಳ್ಳೆಯದಲ್ಲ. ಹೈಶಾನ್ ಅಂಥದ್ದನ್ನೆಲ್ಲ ತಲೆಬಾಗಿ ಒಪ್ಪುವವನು. ಕಣ್ಣು ಬರೆದಾದ ಮೇಲೆ ಕರೀತೀಯಾ, ಎಂದಿದ್ದ. ಹಿಂದಿನ ಕೋಣೆಯಲ್ಲಿ ಕಣ್ಣಿಲ್ಲದ ಗೊಂಬೆಯೊಂದು ಯಾವತ್ತೂ ಇರುತ್ತಿತ್ತು. ಇಲ್ಲದಿದ್ದರೆ ಜಿನ್‌ತು ಒಂದನ್ನು ಕಟ್ಟಿ ನಿಲ್ಲಿಸುತ್ತಿದ್ದ.

ಹೈಶಾನ್ ಮಾತ್ರ ಆಗಾಗ ಬಂದು ಒಂದು ಮೊಳ ಹತ್ತಿಯ ದಾರ ಕೇಳಿ ಪಡೆಯುತ್ತಿದ್ದ. ಏತಕ್ಕೆ ಎಂದು ಇವನು ಕೇಳಿದ್ದೇ ಇಲ್ಲ. ಒಂದು ದಾರಕ್ಕೂ ಗತಿಯಿಲ್ಲ ಇವನಿಗೆ, ಎಂದುಕೊಂಡು ಕೊಡುತ್ತಿದ್ದ.

*

ಹೆಣ ಹೊರಟ ಮೇಲೆ ಓಣಿ ಖಾಲಿಯಾಯಿತು. ಮರಳಿ ಬರುವವರಿಗೆ ಬೆಲ್ಲದ ನೀರಿನಲ್ಲಿ ಅಕ್ಕಿಯುಂಡೆ ಬೇಯಿಸಿಡಲು ಬಾವ್‌ಜು ಹೈಶಾನನ ಮನೆಯಲ್ಲಿ ಉಳಿದಿದ್ದಳು. ಜಿನ್‌ತು ಕಾಗದದ ತೊಟ್ಟಿ, ಕತ್ತರಿ, ಕಾಗದ, ಅಂಟಿನ ಡಬ್ಬಿ ಹಿಡಿದು ಒಳಗೆ ಬಂದ. ಒಂಬತ್ತು ವರ್ಷದಲ್ಲಿ ಅವನು ಹೈಶಾನನ ಗಾಜಿನ ತೊಟ್ಟಿಯ ಹತ್ತಿರ ಮೂರು ಹೆಜ್ಜೆಗಿಂತ ಮುಂದೆ ಬಂದವನಲ್ಲ. ಹೊಗಳಬೇಕಾಗಿ ಬಂದೀತು ಎಂದು ಹೆದರಿಕೆ.

ಬಗ್ಗಿ ನೋಡಿದ. ಮೇಷ್ಟ್ರು ಹೇಳಿದ್ದು ನಿಜ. ಒಂದು ಗಿಡವೂ ಮರಳಿನಲ್ಲಿರಲಿಲ್ಲ. ಎಲ್ಲವೂ ಕಲ್ಲಿನ ಮೇಲೆ, ಬೇರಿನ ಮೇಲೆ ಕಟ್ಟಿದವು. ಗಿಡದ ಬೇರುಗಳು ಬೆರಳಿನ ಹಾಗೆ ಕಲ್ಲನ್ನು ಅವುಚಿಕೊಂಡಿದ್ದವು. ಹೊಸ ತುಂಡುಗಳಲ್ಲಿ ದಾರ ಇನ್ನೂ ಕರಗಿರಲಿಲ್ಲ. ಎರಡೆಳೆ ಹೊಸೆದ ಹತ್ತಿಯ ದಾರ, ಅವನದೇ ಅಂಗಡಿಯದು.

ಎಲೆಗಳನ್ನು ನೋಡಿದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. ದೂರದಿಂದ ಕಡುಹಸಿರಾಗಿ ಕಂಡದ್ದು ಹಸಿರಾಗಿರಲಿಲ್ಲ. ಪ್ರತಿ ಎಲೆಯ ಅಂಚಿಗೂ ಕಪ್ಪು ಪಾಚಿ ಗಡ್ಡದ ಹಾಗೆ ಬೆಳೆದಿತ್ತು. ಕೆಲವು ಎಲೆ ತೂತಾಗಿದ್ದವು, ಕೆಲವು ಹಳದಿ. ಜಿನ್‌ತುವಿನ ಎದೆ ಹಗುರವಾಯಿತು. “ಏ, ನೋಡೇ ಇಲ್ಲಿ! ಇದನ್ನ ನೋಡೋಕೇನಾ ಊರೆಲ್ಲ ಸಾಲು ನಿಲ್ತಿದ್ದಿದ್ದು? ಪಾಚಿ ಹಿಡಿದು ಹಾಳಾಗಿದೆ!”

ಬಾವ್‌ಜು ಉಂಡೆ ತಿರುವುವ ಸೌಟು ಹಿಡಿದೇ ಬಂದಳು. “ಈಗ ನೋಡಿದ್ರಾ? ಎರಡು ವರ್ಷ ಆಯ್ತು ಹೀಗಾಗಿ. ಜನ ನಿಲ್ಲೋದು ಬಿಟ್ಟೂ ಅಷ್ಟೇ ಆಯ್ತು. ಈ ಕಿಟಕಿ ಕಂಡ್ರೆ ಮುಖ ತಿರುಗಿಸ್ಕೊಂಡೇ ಓಡಾಡೋ ನಿಮಗೆ ಹೇಗೆ ಗೊತ್ತಾಗಬೇಕು!” ತೊಟ್ಟಿಯ ಕೆಳಗಿನ ಬೀರುವಿನ ಬಾಗಿಲು ತೆಗೆದಳು. ಒಳಗೆ ಗೊಬ್ಬರದ ಸೀಸೆಗಳು, ಹತ್ತೋ ಹದಿನೈದೋ, ಕೆಲವು ಅರ್ಧ, ಕೆಲವು ಸೀಲು ಒಡೆಯದವು. ನೀರು ಬಿಸಿ ಮಾಡುವ ಕೊಳವೆ. ಮೂರು ದೊಡ್ಡ ದೀಪ. ಕೂದಲು ಸವೆದ ಹಲ್ಲುಜ್ಜುವ ಬ್ರಷ್ಷುಗಳು, ಒಂದು ಡಬ್ಬಿ ತುಂಬ.

“ಇದಕ್ಕೆ ಏನೂ ಬೇಡ ಅಂತಿದ್ದನಲ್ಲ ಅವನು?”

“ಏನೂ ಬೇಕಿರಲಿಲ್ಲ. ನಿಮ್ಮದು ಹೂ ಬಿಡ್ತು ನೋಡಿ, ಆಮೇಲೆ ಎಲ್ಲಾ ಬೇಕಾಯ್ತು. ಆರು ತಾಸಿನ ದೀಪ ಹದಿನಾಲ್ಕು ತಾಸು ಮಾಡಿದ್ರು. ಸಿಕ್ಕಿದ್ದೆಲ್ಲ ಸುರಿದ್ರು. ನಿಧಾನದ ಗಿಡ ಅದು, ಅಷ್ಟನ್ನ ಎಲ್ಲಿ ತಿನ್ನುತ್ತೆ? ಪಾಚಿ ತಿಂತು. ಕಂತೆ ಬ್ರಷ್ ತಂದು ಒಂದೊಂದೇ ಎಲೆ ಉಜ್ಜೋರು. ಸುಲಾನ್ ಅತ್ತರೂ ಬಿಡಲಿಲ್ಲ.”

ಜಿನ್‌ತು ಹೈಶಾನನ ಕುರ್ಚಿಯಲ್ಲಿ ಕೂತುಬಿಟ್ಟ. ಅದುವರೆಗೆ ತನ್ನ ಸುಳ್ಳು ತನ್ನ ಬಾಯಲ್ಲೇ ಉಳಿದಿದೆ, ಯಾರಿಗೂ ಏನೂ ಆಗಿಲ್ಲ ಎಂದುಕೊಂಡಿದ್ದ.

“ನಿನಗೆ ಎಲ್ಲಾ ಗೊತ್ತಿತ್ತು. ಸುಮ್ನಿದ್ದೆಯಾ?”

“ನಾನಾಗಿ ಹೇಳಿದ್ರೆ ನೀವು ಓಣಿಯಲ್ಲಿ ತಲೆ ಎತ್ತಿ ನಡೀತಿದ್ರಾ? ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ.” ಸೌಟಿನಿಂದ ಬೆಲ್ಲದ ನೀರು ನೆಲಕ್ಕೆ ತೊಟ್ಟಿಕ್ಕಿತು. “ಈಗಲೂ ಹೊತ್ತು ಮೀರಿಲ್ಲ. ಸುಲಾನ್ ಬಂದ ಕೂಡ್ಲೆ ಹೇಳಿಬಿಡಿ.”

“ಹೆಣ ಸುಟ್ಟು ಬರೋಳಿಗಾ?”

ಬಾವ್‌ಜು ಒಲೆಯ ಕಡೆ ಹೋದಳು. ಅವನು ಕತ್ತರಿ ತೆಗೆದುಕೊಂಡ. ಕಾಗದದ ತೊಟ್ಟಿಯಲ್ಲಿದ್ದುದನ್ನೆಲ್ಲ ಕಿತ್ತ. ಕಲ್ಲು ಮಾಡಿದ, ಕಲ್ಲಿನ ಮೇಲೆ ಅಡ್ಡಕಾಂಡ ಇಟ್ಟು ಹತ್ತಿಯ ದಾರದಲ್ಲಿ ಕಟ್ಟಿದ. ಎಲೆಗೆ ಮೇಣ ಸವರಿ ಹೊಳಪು ತಂದ. ಹೂ ಹೇಗಿರುತ್ತದೆಂದು ಅವನು ಎಂದೂ ಕಂಡಿರಲಿಲ್ಲ. ತಾಯಿಯ ಕೆಸುವಿನ ಹೂವನ್ನು ನೆನೆಸಿಕೊಂಡು ಉಗುರಿನಷ್ಟು ಚಿಕ್ಕದು ಮಾಡಿದ. ಬಿಳಿ ಹಾಳೆಯ ದೊನ್ನೆ, ನಡುವೆ ಕೆನೆಬಣ್ಣದ ಕಡ್ಡಿ. ಒಂದು, ಎರಡು, ಐದು. ಕೈ ತಾನಾಗಿಯೇ ಓಡಿತು. ಮೇಷ್ಟ್ರು ನೋಡಿ ದಂಗಾಗಬೇಕು ಎಂಬ ಆಸೆ ಆಗಲೂ ಒಳಗೊಳಗೇ ಮಿಸುಕುತ್ತಿತ್ತು. ಹನ್ನೊಂದನೆಯದನ್ನು ಅಂಟಿಸಿ ದೂರ ಹಿಡಿದು ನೋಡಿದ. ಐವತ್ತು ವರ್ಷದ ಕಸುಬಿನಲ್ಲಿ ಇಷ್ಟು ಚೆಂದದ್ದು ಅವನ ಕೈಯಿಂದ ಬಂದಿರಲಿಲ್ಲ.

ಅದು ಹೈಶಾನನ ಪಾಲಾಗುತ್ತದಲ್ಲ ಎಂದು ಆ ಗಳಿಗೆಯಲ್ಲೂ ಹೊಟ್ಟೆ ಚುರುಕ್ಕೆಂದಿತು.

*

ಹಳೆಯ ಉಪ್ಪಿನ ಗೋದಾಮಿನ ಹಿಂದೆ ಬಯಲು. ಸಂಜೆ ನಾಲ್ಕರ ಬಿಸಿಲು, ಸಮುದ್ರದ ಗಾಳಿ. ಮೂರಂತಸ್ತಿನ ಮನೆಯನ್ನು ನಡುವೆ ನಿಲ್ಲಿಸಿ ಸುತ್ತ ಹಳದಿ ತಾವರೆ ಸುರಿದಿದ್ದರು. ಜಿನ್‌ತು ತೊಟ್ಟಿಯನ್ನು ತೋಟದಲ್ಲಿಟ್ಟು ಎಂದಿನಂತೆ ತನ್ನ ಮನೆ ಕಡೆ ತಿರುಗಿದ. ತಾನು ಕಟ್ಟಿದ್ದು ಸುಡುವುದನ್ನು ಅವನು ನಿಂತು ನೋಡುತ್ತಿರಲಿಲ್ಲ.

“ಕೈ ಹಿಡೀರಿ, ಸುತ್ತ ನಿಲ್ಲಿ,” ಎಂದರು ಪುರೋಹಿತರು. “ಗೊತ್ತಲ್ಲ, ಬೂದಿಯಾಗೋವರೆಗೂ ಸುತ್ತು ಬಿಡಬಾರದು. ದಿಕ್ಕುಗತಿಯಿಲ್ಲದ ಪ್ರೇತಗಳು ಕಾಯ್ತಿರ್ತಾವೆ. ಒಂದು ಕೈ ಬಿಟ್ರೆ ಸಾಕು, ನುಗ್ಗಿ ದೋಚ್ಕೊಂಡು ಹೋಗ್ತಾವೆ.”

ಸುಲಾನ್, ಪೇಲಿಂಗ್, ಅವಳ ಗಂಡ, ಹೈಶಾನನ ಅಕ್ಕ, ಅಕ್ಕನ ಮಗ. ಐದು ಜನ ತೋಳು ಚಾಚಿದರೂ ಮನೆಯ ಅರ್ಧವನ್ನೂ ಸುತ್ತಲಾಗಲಿಲ್ಲ. ಪುರೋಹಿತರು ರೇಗಿದರು. “ಇಷ್ಟು ದೊಡ್ಡ ಮನೆ ಯಾರಯ್ಯಾ ಕಟ್ಟಿದ್ದು? ಇರೋದೇ ಐದು ಜನರ ಸಂಸಾರ!”

“ಜಿನ್‌ತು, ಬನ್ನಿ,” ಎಂದು ಸುಲಾನ್ ಕರೆದಳು. “ಬಾವ್‌ಜು, ನೀನೂ ಬಾ. ಮೇಷ್ಟ್ರೇ, ನೀವೂ.” ಓಣಿಯ ಇನ್ನೂ ನಾಲ್ಕೈದು ಮಂದಿ ಬಂದರು. ಸುತ್ತು ಕೂಡಿತು. ಜಿನ್‌ತುವಿನ ಎಡಗೈ ಸುಲಾನಳ ಕೈಯಲ್ಲಿ, ಬಲಗೈ ಮೇಷ್ಟ್ರ ಕೈಯಲ್ಲಿ. ಸುಲಾನಳ ಅಂಗೈ ತಣ್ಣಗಿತ್ತು.

ಬೆಂಕಿ ತಾವರೆಗಳಿಂದ ಹತ್ತಿ ಗೇಟು ನುಂಗಿ ತೋಟಕ್ಕೆ ಬಂತು. “ಆಹಾ,” ಎಂದರು ಮೇಷ್ಟ್ರು ಕುತ್ತಿಗೆ ಚಾಚಿ. “ಏನು ಹೂವು! ನಿಜವಾದದ್ದನ್ನ ದಿನಾ ನೋಡ್ದೋರು ಮಾತ್ರ ಹೀಗೆ ಮಾಡಬಲ್ಲರು.”

“ಅಪ್ಪಾ, ಮನೆ ಬಂತು, ತಗೋಪ್ಪಾ!” ಎಂದು ಪೇಲಿಂಗ್ ಕೂಗಿದಳು. ಎಲ್ಲರೂ ಕೂಗಿದರು. ಸುಲಾನಳ ದನಿ ಎಲ್ಲರಿಗಿಂತ ಮೇಲೆದ್ದಿತು. “ರೀ, ತೊಟ್ಟಿ ತಗೊಳ್ಳಿ! ಜಿನ್‌ತು ಕೊನೆಗೂ ತೋರಿಸಿದಾರೆ, ನೋಡಿ! ಅದು ಹೇಗೆ ಬೆಳೀತು ಅಂತ ಕೂತು ನೋಡಿ ಕಲಿತ್ಕೊಳ್ಳಿ!”

ಅಲ್ಲಿ ಹೈಶಾನ್ ಕುರ್ಚಿ ಎಳೆದುಕೊಂಡು ಆ ಗಿಡದ ಮುಂದೆ ಕೂರುವುದು ಜಿನ್‌ತುವಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಕೂತು, ಹನ್ನೊಂದು ಹೂವನ್ನೂ ಎಣಿಸಿ, ಜಿನ್‌ತು ಇದನ್ನು ಹೇಗೆ ಬೆಳೆಸಿದ ಎಂದು ಮತ್ತೆ ಕೊರಗುತ್ತಾನೆ. ಬ್ರಷ್ಷು ಹಿಡಿಯುತ್ತಾನೆ. ಅಲ್ಲಿ ಅದಕ್ಕೆ ಕೊನೆಯೂ ಇಲ್ಲ.

“ಹೈಶಾನ್!” ಎಂದು ಕೂಗಿದ. “ನನ್ನ ಹತ್ರ ಹೂವಿಲ್ಲ ಕಣೋ! ಯಾವತ್ತೂ ಇರಲಿಲ್ಲ! ಗಿಡಾನೇ ಇಲ್ಲ! ನೀನು ಕೊಟ್ಟಿದ್ದು ಇಪ್ಪತ್ತು ದಿನಕ್ಕೆ ಕೊಳೆತುಹೋಯ್ತು, ಚರಂಡಿಗೆ ಸುರಿದ್ವಿ! ನಾನು ಹೇಳಿದ್ದೆಲ್ಲಾ ಸುಳ್ಳು! ನಿನ್ನದೇ ಚೆನ್ನಾಗಿತ್ತು ಕಣೋ, ಮೊದಲಿಂದ ನಿನ್ನದೇ ಚೆನ್ನಾಗಿತ್ತು!”

ಕೂಗುತ್ತಿದ್ದವರೆಲ್ಲ ಅವನ ಕಡೆ ತಿರುಗಿದರು. ಮೇಷ್ಟ್ರ ಬೆರಳುಗಳು ಅವನ ಕೈಯಲ್ಲಿ ಸಡಿಲವಾದವು. ಆಚೆ ಬದಿಯಲ್ಲಿ ಪೇಲಿಂಗ್ ಬಾಯಿ ತೆರೆದು ತಾಯಿಯ ಮುಖ ನೋಡಿದಳು.

“ಕೈ ಬಿಡಬೇಡಿ!” ಪುರೋಹಿತರು ಗದರಿದರು. “ಯಾರೂ ಕೈ ಬಿಡಬೇಡಿ!”

ಜಿನ್‌ತು ಸುಲಾನಳ ಕಡೆ ತಿರುಗಲಿಲ್ಲ. ಈಗ ಕಿತ್ತುಕೊಳ್ಳುತ್ತಾಳೆ, ಈಗ ಕಿತ್ತುಕೊಳ್ಳುತ್ತಾಳೆ ಎಂದು ಕಾದ. ಜಿಲೇಟಿನ್ ಹಾಳೆ ಮುದುರಿ ಹೋಗಿ, ಹನ್ನೊಂದು ಬಿಳಿ ಹೂ ಬೆಂಕಿಯ ನಡುವೆ ಒಂದು ಗಳಿಗೆ ಹಾಗೆಯೇ ನಿಂತಿದ್ದವು. ಸುಲಾನಳ ಉಗುರುಗಳು ಅವನ ಅಂಗೈಗೆ ಇಳಿದವು. ಮೊದಲು ಒಂದು, ಆಮೇಲೆ ನಾಲ್ಕೂ. ಆಕೆ ಬೆಂಕಿಯನ್ನೇ ನೋಡುತ್ತ, “ರೀ, ಕೇಳಿಸ್ತಾ?” ಎಂದು ಕೂಗಿದಳು, “ತಗೊಳ್ಳಿ, ತಗೊಳ್ಳಿ,” ಎಂದಳು. ಮೂರನೆಯ ಮಹಡಿ ಎರಡನೆಯದರ ಮೇಲೆ ಕುಸಿಯಿತು, ಎರಡನೆಯದು ಒಂದರ ಮೇಲೆ. ಉಗುರು ಇನ್ನೂ ಆಳಕ್ಕೆ ಇಳಿಯುತ್ತಿತ್ತು, ಬೆರಳ ಸಂದಿಯಲ್ಲಿ ಏನೋ ಬೆಚ್ಚಗೆ ಹರಿಯಿತು. ಕೊನೆಯ ಬಿದಿರು ಉರಿದು ಬೀಳುವವರೆಗೂ ಆಕೆ ಕೈ ಬಿಡಲಿಲ್ಲ.